ಎರಡು ಬೆಳೆದವು, ಎರಡು ಬೆಳೆಯಲಿಲ್ಲ

ಪ್ಲೇಟಿನ ಮೇಲೆ ಹತ್ತು ಸಾಲು. ಒಂದೊಂದು ಸಾಲಿನಲ್ಲಿ ನಾಲ್ಕು ಜಾಗ. ಅದರಲ್ಲಿ ಎರಡು ಜಾಗದಲ್ಲಿ ಮಾತ್ರ ದುಂಡನೆಯ ಬಿಳಿ ಕಾಲೊನಿ, ಉಳಿದೆರಡು ಕಡೆ ಬರೀ ಅಗರ್, ಅಂದರೆ ಯೀಸ್ಟ್ ಬೆಳೆಸುವ ಜೆಲ್ಲಿ. ಮೊದಲ ಸಾಲಿನಲ್ಲಿ ಎರಡು, ಎರಡನೇ ಸಾಲಿನಲ್ಲೂ ಎರಡು, ಹತ್ತನೇ ಸಾಲಿನ ತನಕ ಎರಡೇ ಎರಡು. ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನಾನು ಮಾಡಿದ, ಮೊದಲ ಸಲ ಸರಿಯಾಗಿ ಬಂದ ಟೆಟ್ರಾಡ್ ಪ್ಲೇಟ್ ಅದು. ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡುತ್ತಾ ನಿಂತಿದ್ದೆ.

ಯೀಸ್ಟ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಎಲ್ಲಿಂದ ಹಿಡಿಯುವುದು ಅಂತ ಯೋಚಿಸಿದಾಗೆಲ್ಲ ಆ ಖಾಲಿ ಜಾಗಗಳೇ ಕಣ್ಣ ಮುಂದೆ ಬರುತ್ತವೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಟೆಟ್ರಾಡ್ ಅಂದರೆ ಏನು ಅಂತ ಹೇಳಬೇಕು. ಯೀಸ್ಟ್ ಕೋಶ ಎರಡು ಥರ ಬದುಕಬಲ್ಲದು. ಪ್ರತಿ ಜೀನಿನ ಒಂದೇ ಪ್ರತಿ ಇಟ್ಟುಕೊಂಡು ಬದುಕಿದರೆ ಅದು ಹ್ಯಾಪ್ಲಾಯ್ಡ್. ಎರಡೆರಡು ಪ್ರತಿ ಇದ್ದರೆ ಡಿಪ್ಲಾಯ್ಡ್. ಡಿಪ್ಲಾಯ್ಡ್ ಕೋಶವನ್ನು ಉಪವಾಸ ಕೆಡವಿದರೆ ಅದು ತನ್ನೊಳಗೇ ನಾಲ್ಕು ಹ್ಯಾಪ್ಲಾಯ್ಡ್ ಸ್ಪೋರ್, ಅಂದರೆ ಗಟ್ಟಿ ಚಿಪ್ಪಿನ ಬೀಜದಂಥ ಕೋಶ, ಮಾಡಿಕೊಳ್ಳುತ್ತದೆ. ಒಂದು ಚಿಕ್ಕ ಚೀಲದಲ್ಲಿ ನಾಲ್ಕು ಗುಂಡು. ಅದೇ ಟೆಟ್ರಾಡ್. ಆ ಚೀಲದ ಗೋಡೆಯನ್ನು ಎಂಜೈಮ್ ಹಾಕಿ ಮೆತ್ತಗೆ ಮಾಡಿ, ಮೈಕ್ರೊಸ್ಕೋಪಿನ ಕೆಳಗೆ ಗಾಜಿನ ಸೂಜಿಯಿಂದ ನಾಲ್ಕನ್ನೂ ಬಿಡಿಸಿ ಬೇರೆ ಬೇರೆ ಜಾಗದಲ್ಲಿ ಇಡಬೇಕು. ಸೂಜಿ ಕೂದಲೆಳೆಯಷ್ಟು ಸಣ್ಣ. ಅದು ಚುಚ್ಚುವ ಸೂಜಿಯಲ್ಲ, ತುದಿ ಚಪ್ಪಟೆ. ಸ್ಪೋರ್ ಪಕ್ಕದಲ್ಲಿ ಅಗರ್‌ಗೆ ಸುಮ್ನೆ ತಾಗಿಸಿ ಎತ್ತಿದರೆ, ತುದಿಯಲ್ಲಿರುವ ನೀರಿನ ಪದರಕ್ಕೆ ಸ್ಪೋರ್ ಅಂಟಿಕೊಂಡು ಬರುತ್ತದೆ. ಬರಲೂಬಹುದು, ಬರದೆಯೂ ಇರಬಹುದು. ಬಂತಾ ಇಲ್ಲವಾ ಅಂತ ಗೊತ್ತಾಗುವುದು ಇನ್ನೊಂದು ಜಾಗದಲ್ಲಿ ತಾಗಿಸಿ, ಅಲ್ಲಿ ಕೂತಿದೆಯಾ ಅಂತ ನೋಡಿದ ಮೇಲೆ. ಮೇಜಿಗೆ ಮೊಣಕೈ ತಗುಲಿದರೂ ಸಾಕು, ಸೂಜಿ ಅಗರ್ ಒಳಗೆ ಹೋಗಿ ಗುಂಡಿ ಬೀಳುತ್ತದೆ. ಮೊದಲ ಎರಡು ತಿಂಗಳು ನನ್ನ ಪ್ಲೇಟುಗಳ ತುಂಬ ಗುಂಡಿಗಳೇ.

ಅದಕ್ಕೇ ಆ ಪ್ಲೇಟ್ ಕಂಡರೆ ಅಷ್ಟು ಪ್ರೀತಿ. ನಾನು ತೆಗೆದುಕೊಂಡಿದ್ದ ಡಿಪ್ಲಾಯ್ಡ್‌ನಲ್ಲಿ ಜಿಪಿಎ1 ಅನ್ನೋ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಪೂರ್ತಿ ತೆಗೆದು ಹಾಕಲಾಗಿತ್ತು. ಹಾಗಾಗಿ ನಾಲ್ಕು ಸ್ಪೋರ್‌ಗಳಲ್ಲಿ ಎರಡಕ್ಕೆ ಜೀನ್ ಸಿಗುತ್ತದೆ, ಎರಡಕ್ಕೆ ಸಿಗುವುದಿಲ್ಲ. ಸಿಗದವು ಬೆಳೆಯಲಿಲ್ಲ. ಲೆಕ್ಕ ಸರಿಯಾಗಿದೆ. ಈ ಜೀನ್ ಇಲ್ಲದೆ ಯೀಸ್ಟ್ ಬದುಕುವುದಿಲ್ಲ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ.

ನಮ್ಮ ಮೇಡಂ ಪ್ಲೇಟ್ ನೋಡಿ ಒಂದೇ ಪ್ರಶ್ನೆ ಕೇಳಿದರು. "ಖಾಲಿ ಜಾಗ ನಿಜವಾಗ್ಲೂ ಖಾಲಿ ಇದೆಯಾ ಅಂತ ನೋಡಿದ್ಯಾ?"

"ಇಲ್ಲ ಮೇಡಂ."

"ಹೋಗಿ ನೋಡು."

ಪ್ಲೇಟನ್ನು ಮತ್ತೆ ಮೈಕ್ರೊಸ್ಕೋಪಿನ ಕೆಳಗಿಟ್ಟೆ. ಖಾಲಿ ಇರಲಿಲ್ಲ. ಅಲ್ಲೊಂದು ಸಣ್ಣ ಗುಂಪು, ಬೆರಳೆಣಿಕೆಯಷ್ಟು ಕೋಶಗಳು. ಸ್ಪೋರ್ ಮೊಳೆತಿತ್ತು, ಕೆಲವು ಸಲ ಒಡೆದು ಎರಡಾಗಿಯೂ ಇತ್ತು, ಆಮೇಲೆ ನಿಂತುಬಿಟ್ಟಿತ್ತು. ಆ ಕೋಶಗಳ ಆಕಾರ ನೋಡಿ ಕಣ್ಣುಜ್ಜಿಕೊಂಡೆ. ಪಕ್ಕದ ಕಾಲೊನಿಯ ಕೋಶಗಳು ಮೊಟ್ಟೆಯ ಥರ, ಚೊಕ್ಕವಾಗಿ ದುಂಡಗೆ, ಕೆಲವಕ್ಕೆ ಬದಿಯಲ್ಲಿ ಪುಟ್ಟ ಮೊಗ್ಗು, ಬೆಳೆದು ಹೊಸ ಕೋಶ ಆಗುವಂಥದ್ದು. ಇವು ಹಾಗಲ್ಲ. ಊದಿಕೊಂಡಿವೆ, ಒಂದು ಬದಿಗೆ ಮೂತಿ ಚಾಚಿಕೊಂಡಿವೆ. ಒಂದಕ್ಕೂ ಮೊಗ್ಗಿಲ್ಲ.

ಈ ಆಕಾರಕ್ಕೆ ಯೀಸ್ಟ್ ಲ್ಯಾಬ್‌ಗಳಲ್ಲಿ ಶ್ಮೂ ಅಂತ ಹೆಸರು. ಹಳೇ ಅಮೆರಿಕನ್ ಕಾರ್ಟೂನಿನ ಒಂದು ಪ್ರಾಣಿ ಹೀಗೇ ಇತ್ತಂತೆ. ಯೀಸ್ಟ್ ಈ ಆಕಾರ ತಾಳುವುದು ಒಂದೇ ಕಾರಣಕ್ಕೆ: ಹತ್ತಿರದಲ್ಲಿ ಜೊತೆಗಾರ ಕೋಶ ಇದೆ ಅಂತ ಗೊತ್ತಾದಾಗ, ಅದನ್ನು ಮುಟ್ಟಲು ಅತ್ತ ಬೆಳೆಯುತ್ತದೆ. ಆದರೆ ನನ್ನ ಪ್ಲೇಟಿನ ಆ ಜಾಗದಲ್ಲಿ ಜೊತೆ ಯಾರೂ ಇರಲಿಲ್ಲ. ಇದ್ದದ್ದೆಲ್ಲ ಒಂದೇ ಸ್ಪೋರ್‌ನಿಂದ ಬಂದ, ಒಂದೇ ಲಿಂಗದ ಕೋಶಗಳು. ಯಾರೂ ಕರೆಯದೆ ಅವು ಓಗೊಡುತ್ತಿದ್ದವು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹ್ಯಾಪ್ಲಾಯ್ಡ್ ಯೀಸ್ಟ್‌ನಲ್ಲಿ ಎರಡು ಲಿಂಗ, ಎ ಮತ್ತು ಆಲ್ಫಾ. ಗಂಡು ಹೆಣ್ಣು ಅಂತ ಹೇಳುವಷ್ಟು ವ್ಯತ್ಯಾಸ ಇಲ್ಲ, ನೋಡಲು ಎರಡೂ ಒಂದೇ. ವ್ಯತ್ಯಾಸ ಇರುವುದು ಅವು ಹೊರಗೆ ಬಿಡುವ ಫೆರೊಮೋನ್‌ನಲ್ಲಿ, ಅಂದರೆ ಜೊತೆಗಾರನನ್ನು ಕರೆಯುವ ರಾಸಾಯನಿಕದಲ್ಲಿ, ಮತ್ತು ಅದನ್ನು ಹಿಡಿಯುವ ರಿಸೆಪ್ಟರ್‌ನಲ್ಲಿ. ಆಲ್ಫಾ ಕೋಶ ಬಿಡುವುದು ಆಲ್ಫಾ ಫ್ಯಾಕ್ಟರ್, 13 ಅಮೈನೊ ಆಮ್ಲಗಳ ಚಿಕ್ಕ ಸರ. ಎ ಕೋಶ ಬಿಡುವುದು ಎ ಫ್ಯಾಕ್ಟರ್, 12 ಅಮೈನೊ ಆಮ್ಲ, ಜೊತೆಗೆ ಒಂದು ಜಿಡ್ಡಿನ ಬಾಲ. ಎ ಕೋಶದ ಮೈಮೇಲೆ ಸ್ಟೆ2 ಅನ್ನೋ ರಿಸೆಪ್ಟರ್ ಇದೆ, ಅದು ಆಲ್ಫಾ ಫ್ಯಾಕ್ಟರನ್ನು ಹಿಡಿಯುತ್ತದೆ. ಆಲ್ಫಾ ಕೋಶದ ಸ್ಟೆ3 ಎ ಫ್ಯಾಕ್ಟರನ್ನು ಹಿಡಿಯುತ್ತದೆ. ಎರಡೂ ಕೂಡಿದರೆ ಡಿಪ್ಲಾಯ್ಡ್. ಡಿಪ್ಲಾಯ್ಡ್ ಆದಮೇಲೆ ಈ ಏರ್ಪಾಡೇ ಬಂದ್. ಅದಕ್ಕೇ ಜಿಪಿಎ1ರ ಎರಡೂ ಪ್ರತಿ ತೆಗೆದರೂ ಡಿಪ್ಲಾಯ್ಡ್ ಆರಾಮಾಗಿ ಬೆಳೆಯುತ್ತದೆ. ಹಾಗಾದರೆ ನಾನು ನೋಟ್‌ಬುಕ್‌ನಲ್ಲಿ ಬರೆದಿದ್ದು ತಪ್ಪು. ಈ ಜೀನ್ ಬದುಕಲಿಕ್ಕೆ ಬೇಕಾದದ್ದಲ್ಲ. ಹ್ಯಾಪ್ಲಾಯ್ಡ್ ಕೋಶ ಸುಮ್ಮನಿರಲಿಕ್ಕೆ ಬೇಕಾದದ್ದು.

ಸ್ಟೆ ಅಂದೆನಲ್ಲ, ಅದು ಸ್ಟೆರೈಲ್ ಅನ್ನೋ ಪದದ ತುಂಡು. 1970ರ ದಶಕದಲ್ಲಿ ಕೂಡಲಾಗದ ಯೀಸ್ಟ್‌ಗಳನ್ನು ಹುಡುಕಿ ಹುಡುಕಿ ನಂಬರ್ ಕೊಟ್ಟರು. ಆಗ ಆ ಜೀನ್‌ಗಳು ಏನು ಮಾಡುತ್ತವೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟರೆ ಕೋಶ ಕೂಡುವುದಿಲ್ಲ, ಅಷ್ಟೇ ಗೊತ್ತಿದ್ದದ್ದು. ಯೀಸ್ಟ್ ಜೀನ್‌ಗಳ ಹೆಸರು ಬಹಳಷ್ಟು ಹೀಗೇ. ಜೀನ್ ಇದ್ದಾಗ ಏನು ಮಾಡುತ್ತದೆ ಅನ್ನುವುದಲ್ಲ, ಕೆಟ್ಟಾಗ ಏನಾಗುತ್ತದೆ ಅನ್ನುವುದು ಹೆಸರಾಗಿದೆ. ಹೊಸ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ಇನ್ನು ಕೋಶ ಯಾಕೆ ನಿಲ್ಲಬೇಕು? ಕೂಡುವುದಾದರೆ ಕೂಡಲಿ, ಜೊತೆಗೆ ಒಡೆಯುತ್ತಲೂ ಇರಲಿ, ಅಲ್ವಾ? ಆಗುವುದಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗಾಗುತ್ತದೆ. ಡಿಎನ್‌ಎ ಅರ್ಧ ನಕಲಾಗಿರುವ ಕೋಶ ಇನ್ನೊಂದರ ಜೊತೆ ಕೂಡಿದರೆ ಕ್ರೋಮೊಸೋಮ್ ಲೆಕ್ಕವೇ ತಪ್ಪುತ್ತದೆ. ಎರಡೂ ಕೋಶಗಳು ಒಂದೇ ಹಂತದಲ್ಲಿ ಇರಬೇಕು, ಇಬ್ಬರ ಬಳಿಯೂ 16 ಕ್ರೋಮೊಸೋಮ್‌ಗಳ ಒಂದೊಂದೇ ಕಂತೆ ಇರಬೇಕು. ಅದಕ್ಕೆ ಫೆರೊಮೋನ್ ಬಂದ ಕೂಡಲೇ ಕೋಶ ಮೊಗ್ಗು ಹಾಕುವ ಮೊದಲಿನ ಹಂತದಲ್ಲಿ, ಅಂದರೆ ಜಿ1ರಲ್ಲಿ, ನಿಂತುಬಿಡುತ್ತದೆ. ಆಗಲೇ ಮೊಗ್ಗು ಹಾಕಿಯಾಗಿದ್ದರೆ ಆ ಸುತ್ತು ಮುಗಿಸಿ ಆಮೇಲೆ ನಿಲ್ಲುತ್ತದೆ.

ಹೊರಡಬೇಕೋ ನಿಲ್ಲಬೇಕೋ ಅಂತ ತೀರ್ಮಾನವಾಗುವ ಆ ಜಾಗಕ್ಕೆ ಸ್ಟಾರ್ಟ್ ಅಂತ ಹೆಸರಿಟ್ಟವರು ಲೀಲ್ಯಾಂಡ್ ಹಾರ್ಟ್‌ವೆಲ್. ಸಿಯಾಟಲ್‌ನಲ್ಲಿ ಕೆಲಸ ಮಾಡುತ್ತಿದ್ದರು, 2001ರಲ್ಲಿ ಪಾಲ್ ನರ್ಸ್ ಮತ್ತು ಟಿಮ್ ಹಂಟ್ ಜೊತೆ ನೊಬೆಲ್ ಬಂತು. ಅವರ ಉಪಾಯ ನನಗೆ ಈಗಲೂ ರೋಮಾಂಚನ. ಕೋಶ ಒಡೆಯಲು ಬೇಕಾದ ಜೀನನ್ನು ಕೆಡಿಸಿದರೆ ಕೋಶವೇ ಸಾಯುತ್ತದೆ, ಮತ್ತೆ ಅಧ್ಯಯನ ಮಾಡುವುದು ಹೇಗೆ? ಅವರು 23 ಡಿಗ್ರಿಯಲ್ಲಿ ಸರಿ ಇದ್ದು 36 ಡಿಗ್ರಿಯಲ್ಲಿ ಮಾತ್ರ ಕೆಡುವ ಮ್ಯುಟೆಂಟ್‌ಗಳನ್ನು, ಅಂದರೆ ಜೀನ್ ಬದಲಾದ ಯೀಸ್ಟ್‌ಗಳನ್ನು, ಹುಡುಕಿದರು. ತಣ್ಣಗೆ ಇಟ್ಟು ಬೆಳೆಸಿಕೊಳ್ಳಬಹುದು, ಬಿಸಿ ಮಾಡಿ ನಿಲ್ಲಿಸಬಹುದು. 1973ರ ಹೊತ್ತಿಗೆ 148 ಮ್ಯುಟೆಂಟ್‌ಗಳು, 32 ಜೀನ್‌ಗಳು ಅವರ ಕೈಯಲ್ಲಿದ್ದವು. ಎಲ್ಲಕ್ಕೂ ಸಿಡಿಸಿ, ಅಂದರೆ ಸೆಲ್ ಡಿವಿಷನ್ ಸೈಕಲ್, ಅಂತ ಹೆಸರು, ಮುಂದೆ ನಂಬರ್.

ಯಾವ ಮ್ಯುಟೆಂಟ್ ಎಲ್ಲಿ ನಿಂತಿದೆ ಅಂತ ಹೇಳಲು ಅವರಿಗೆ ಮೊಗ್ಗು ಸಾಕಾಗಿತ್ತು. ಯೀಸ್ಟ್‌ನ ಮೊಗ್ಗು ಗಡಿಯಾರದ ಮುಳ್ಳಿದ್ದ ಹಾಗೆ. ಮೊಗ್ಗಿಲ್ಲ ಅಂದರೆ ಸುತ್ತು ಇನ್ನೂ ಶುರುವಾಗಿಲ್ಲ. ಚಿಕ್ಕದಿದ್ದರೆ ಈಗಷ್ಟೇ ಶುರು. ತಾಯಿಯಷ್ಟೇ ದೊಡ್ಡದಾಗಿದ್ದರೆ ಮುಗಿಯುತ್ತಾ ಬಂತು. ನಾನೂ ಒಂದು ಸಲ ಸಿಡಿಸಿ7 ಮತ್ತು ಸಿಡಿಸಿ28 ಎರಡನ್ನೂ 36 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟು ಒಂದರ ಪಕ್ಕ ಒಂದು ಸ್ಲೈಡ್ ನೋಡಿದ್ದೇನೆ. ಮೊದಲನೆಯದರಲ್ಲಿ ಎಲ್ಲ ಕೋಶಗಳೂ ಡಂಬೆಲ್ ಥರ, ತಾಯಿ ಮತ್ತು ದೊಡ್ಡ ಮೊಗ್ಗು ಅಂಟಿಕೊಂಡೇ ನಿಂತಿವೆ. ಎರಡನೆಯದರಲ್ಲಿ ಒಂದಕ್ಕೂ ಮೊಗ್ಗಿಲ್ಲ. ಸುಮ್ನೆ ದಪ್ಪ ಆಗುತ್ತಾ ಹೋಗಿವೆ. ಸಾಮಾನ್ಯ ಯೀಸ್ಟ್‌ನಲ್ಲಿ ಒಂದೇ ನೋಟಕ್ಕೆ ಎಲ್ಲ ಹಂತದವೂ ಕಲಸಿಕೊಂಡು ಕಾಣುತ್ತವೆ. ಇಲ್ಲಿ ಇಡೀ ಸ್ಲೈಡ್ ಒಂದೇ ಭಂಗಿಯಲ್ಲಿ ನಿಂತಿರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಈಗ ಮುಖ್ಯ ವಿಷಯ. ಸಿಡಿಸಿ28 ಕೆಟ್ಟಾಗ ಕೋಶ ಎಲ್ಲಿ ನಿಲ್ಲುತ್ತದೋ, ಆಲ್ಫಾ ಫ್ಯಾಕ್ಟರ್ ಹಾಕಿದಾಗಲೂ ಎ ಕೋಶ ಅಲ್ಲೇ ನಿಲ್ಲುತ್ತದೆ. 1977ರಲ್ಲಿ ಬ್ರಯಾನ್ ರೀಡ್ ಮತ್ತು ಹಾರ್ಟ್‌ವೆಲ್ ಇದನ್ನು ಇನ್ನೊಂದು ಕಡೆಯಿಂದ ನೋಡಿದರು. ಬೇರೆ ಬೇರೆ ಹಂತದಲ್ಲಿ ನಿಂತುಹೋದ ಸಿಡಿಸಿ ಕೋಶಗಳಿಗೆ ಆಲ್ಫಾ ಜೊತೆಗಾರರನ್ನು ಕೊಟ್ಟರು. ಸ್ಟಾರ್ಟ್ ದಾಟಿ ಮುಂದೆ ಸಿಕ್ಕಿಕೊಂಡವು ಕೂಡಲಿಲ್ಲ. ಸಿಡಿಸಿ28ರಿಂದ ಸ್ಟಾರ್ಟ್‌ನಲ್ಲೇ ನಿಂತವು ಕೂಡಿದವು. ಒಡೆಯುವ ದಾರಿ, ಕೂಡುವ ದಾರಿ ಎರಡೂ ಕವಲೊಡೆಯುವುದು ಒಂದೇ ಜಾಗದಲ್ಲಿ ಅಂತಾಯಿತು. ಸಿಡಿಸಿ28 ಮಾಡುವ ಪ್ರೋಟೀನು ಒಂದು ಕೈನೇಸ್, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವನ್ನು ಕೆಲಸಕ್ಕೆ ಹಚ್ಚುವಂಥದ್ದು. ಇದೇ ಜೀನ್‌ನ ಜೋಡಿ ಮನುಷ್ಯರಲ್ಲೂ ಇದೆ ಅಂತ 1987ರಲ್ಲಿ ಮೆಲನಿ ಲೀ ಮತ್ತು ಪಾಲ್ ನರ್ಸ್ ತೋರಿಸಿದರು. ಇನ್ನೊಂದು ಜಾತಿಯ ಯೀಸ್ಟ್‌ನಲ್ಲಿ ಆ ಜೀನ್ ಕೆಟ್ಟಾಗ ಮನುಷ್ಯರ ಜೀನ್ ಹಾಕಿದರೆ ಅದು ಮತ್ತೆ ಒಡೆಯಲು ಶುರು ಮಾಡಿತು.

ಹಾಗಾದರೆ ಹೊರಗಿನ ಫೆರೊಮೋನ್ ಒಳಗಿರುವ ಸಿಡಿಸಿ28ನ್ನು ತಡೆಯುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟ ಮ್ಯುಟೆಂಟ್ ನನ್ನ ಅಚ್ಚುಮೆಚ್ಚು. ಅದರ ಕಥೆ ಹೇಳುವ ಮೊದಲು ಮೂರು ವಾರ ಹಾಳಾದ ಕಥೆ ಹೇಳಬೇಕು.

ಹೇಲೋ ಪರೀಕ್ಷೆ ಅಂತ ಒಂದಿದೆ. ಎ ಕೋಶಗಳನ್ನು ಪ್ಲೇಟಿನ ತುಂಬ ತೆಳ್ಳಗೆ ಹರಡಿ, ನಡುವೆ ಪುಟ್ಟ ಕಾಗದದ ಬಿಲ್ಲೆ ಇಟ್ಟು, ಅದರ ಮೇಲೆ ಆಲ್ಫಾ ಫ್ಯಾಕ್ಟರ್ ಒಂದು ಹನಿ. ಎರಡು ದಿನ ಬಿಟ್ಟು ನೋಡಿದರೆ ಪ್ಲೇಟ್ ತುಂಬ ಬಿಳಿ ಪದರ, ಬಿಲ್ಲೆಯ ಸುತ್ತ ಮಾತ್ರ ದುಂಡಗೆ ಖಾಲಿ. ಅಲ್ಲಿನ ಕೋಶಗಳು ನಿಂತಿವೆ ಅಂತ ಅರ್ಥ. ನನ್ನ ಪ್ಲೇಟ್‌ನಲ್ಲಿ ಆ ಖಾಲಿ ಜಾಗ ಸರಿಯಾಗಿ ಬರುತ್ತಲೇ ಇರಲಿಲ್ಲ. ಬೆಳಗ್ಗೆ ಕಂಡರೆ ಸಂಜೆಗೆ ಮಬ್ಬಾಗಿ ಮುಚ್ಚಿಕೊಳ್ಳುತ್ತಿತ್ತು. ಫೆರೊಮೋನ್ ಹಳತಾಗಿದೆ ಅಂದುಕೊಂಡೆ, ಹೊಸದು ತರಿಸಿದೆ. ಅಗರ್ ಬದಲಿಸಿದೆ. ಕೊನೆಗೆ ಗೊತ್ತಾಗಿದ್ದು, ಫ್ರೀಜರ್ ಡಬ್ಬಿಯಲ್ಲಿದ್ದ ಟ್ಯೂಬಿನ ಲೇಬಲ್ ತಪ್ಪು. ನನಗೆ ಬೇಕಿದ್ದದ್ದು ಬಾರ್1 ಇಲ್ಲದ ತಳಿ, ಅದರೊಳಗಿದ್ದದ್ದು ಬಾರ್1 ಇರುವ ತಳಿ.

ಬಾರ್1 ಏನು ಮಾಡುತ್ತದೆ ಅಂದರೆ, ಎ ಕೋಶದಿಂದ ಹೊರಗೆ ಹೋಗಿ ಆಲ್ಫಾ ಫ್ಯಾಕ್ಟರನ್ನು ಕತ್ತರಿಸಿ ಹಾಕುತ್ತದೆ. ಕೇಳಲು ವಿಚಿತ್ರ. ತನಗೆ ಬಂದ ಕರೆಯನ್ನು ತಾನೇ ಅಳಿಸುವುದು ಯಾಕೆ? ಒಂದು ಕಾರಣ, ಕರೆದ ಕೋಶ ಕೊನೆಗೆ ಸಿಗದೇ ಹೋದರೆ ಜೀವನವಿಡೀ ನಿಂತೇ ಇರಬಾರದು. ಇನ್ನೊಂದು ನನಗೆ ಇನ್ನೂ ಇಷ್ಟ. ಸುತ್ತ ಎಲ್ಲ ಕಡೆ ಫೆರೊಮೋನ್ ತುಂಬಿಹೋದರೆ ಅದು ಯಾವ ದಿಕ್ಕಿನಿಂದ ಬಂತು ಅಂತ ಗೊತ್ತಾಗುವುದಿಲ್ಲ. ಸುತ್ತಲಿನದನ್ನು ಅಳಿಸುತ್ತಾ ಇದ್ದರೆ, ಬಿಡುತ್ತಿರುವ ಕೋಶ ಇರುವ ಕಡೆ ಮಾತ್ರ ಜಾಸ್ತಿ ಉಳಿಯುತ್ತದೆ. ಬಾರ್1 ಇಲ್ಲದ ಕೋಶಗಳು ತೀರಾ ಸ್ವಲ್ಪ ಫೆರೊಮೋನ್‌ಗೂ ನಿಂತುಬಿಡುತ್ತವೆ, ಆದರೆ ಜೊತೆಗಾರನನ್ನು ಹುಡುಕುವುದರಲ್ಲಿ ಹಿಂದೆ. ಮೂರು ವಾರ ನಾನು ಸಿಟ್ಟಿನಿಂದ ನೋಡುತ್ತಿದ್ದ ಆ ಮಬ್ಬು, ಕೋಶಗಳು ಆಲ್ಫಾ ಫ್ಯಾಕ್ಟರನ್ನು ಕತ್ತರಿಸಿ ಮುಗಿಸಿ ಮತ್ತೆ ಒಡೆಯಲು ಹೊರಟಿದ್ದರ ಗುರುತು.

ಸರಿಯಾದ ತಳಿ ಸಿಕ್ಕ ಮೇಲೆ ಎರಡು ಪ್ಲೇಟ್ ಹಾಕಿದೆ. ಒಂದರಲ್ಲಿ ಬಾರ್1 ಮಾತ್ರ ಇಲ್ಲದ ಕೋಶ, ಇನ್ನೊಂದರಲ್ಲಿ ಫಾರ್1 ಅನ್ನೋ ಜೀನನ್ನೂ ತೆಗೆದ ಕೋಶ. ನನ್ನ ಅಚ್ಚುಮೆಚ್ಚಿನ ಮ್ಯುಟೆಂಟ್ ಅಂದೆನಲ್ಲ, ಅದು ಇದೇ. ಮೊದಲನೆಯದರಲ್ಲಿ ಅಂಚು ಕತ್ತರಿಸಿದ ಹಾಗೆ ಚೊಕ್ಕ ಖಾಲಿ ವೃತ್ತ. ಎರಡನೆಯದರಲ್ಲಿ ಏನೂ ಇಲ್ಲ. ಬಿಲ್ಲೆಯ ಅಂಚಿನ ತನಕ ಕೋಶಗಳು ಬೆಳೆದು ನಿಂತಿವೆ. ನೋಡಿದವರು ಯಾರೇ ಆಗಲಿ, ಇದಕ್ಕೆ ಕಿವಿಯೇ ಇಲ್ಲ ಅನ್ನುತ್ತಾರೆ. ಸ್ಟೆ2 ಕೆಟ್ಟರೂ ಪ್ಲೇಟ್ ಹೀಗೇ ಕಾಣುತ್ತದೆ.

ಈ ಎರಡೂ ತಳಿಗಳಲ್ಲಿ ಒಂದು ಗುರುತು ಇಡಲಾಗಿತ್ತು. ಫೆರೊಮೋನ್ ಸಿಗ್ನಲ್ ನ್ಯೂಕ್ಲಿಯಸ್ ತನಕ ತಲುಪಿದರೆ ಎಫ್‌ಯುಎಸ್1 ಅನ್ನೋ ಜೀನ್ ಜೋರಾಗಿ ಓಡುತ್ತದೆ. ಅದರ ಸ್ವಿಚ್ಚಿಗೆ ನೀಲಿ ಬಣ್ಣ ಬರಿಸುವ ಎಂಜೈಮ್‌ನ ಜೀನ್ ಜೋಡಿಸಿದ್ದೆವು. ಪ್ಲೇಟಿನ ಮೇಲೆ ಫಿಲ್ಟರ್ ಕಾಗದ ಒತ್ತಿ ಕೋಶಗಳನ್ನು ಎತ್ತಿಕೊಂಡೆ. ಚಿಮಟದಲ್ಲಿ ಹಿಡಿದು ದ್ರವ ಸಾರಜನಕದಲ್ಲಿ ಹತ್ತು ಸೆಕೆಂಡ್ ಮುಳುಗಿಸಿದೆ. ಕಾಗದ ಹಪ್ಪಳದ ಹಾಗೆ ಗರಿಗರಿ ಆಯಿತು. ಕೋಶಗಳ ಗೋಡೆ ಒಡೆಯಲು ಅಷ್ಟು ಸಾಕು. ಕರಗಿದ ಮೇಲೆ ಬಣ್ಣದ ದ್ರಾವಣದಲ್ಲಿ ನೆನೆಸಿದ ಇನ್ನೊಂದು ಕಾಗದದ ಮೇಲೆ ಮಲಗಿಸಿ ಮುಚ್ಚಿಟ್ಟೆ.

ಊಟ ಮುಗಿಸಿ ಬಂದು ಮುಚ್ಚಳ ತೆಗೆದೆ. ಫಾರ್1 ಇಲ್ಲದ ಕಾಗದದ ನಡುವೆ, ಬಿಲ್ಲೆ ಇದ್ದ ಜಾಗದ ಸುತ್ತ, ಅಗಲವಾದ ನೀಲಿ ಉಂಗುರ. ಒಳಗೆ ಗಾಢ, ಹೊರಗೆ ಹೋದಂತೆ ತಿಳಿ, ಕೊನೆಗೆ ಬಿಳಿ. ಈ ಕೋಶಗಳಿಗೆ ಕೇಳಿಸಿತ್ತು. ಪೂರ್ತಿ ಕೇಳಿಸಿತ್ತು. ಸಿಗ್ನಲ್ ನ್ಯೂಕ್ಲಿಯಸ್ ತಲುಪಿ ಜೀನ್‌ಗಳನ್ನು ಎಬ್ಬಿಸಿತ್ತು. ಆದರೂ ಅವು ನಿಲ್ಲದೆ ಒಡೆಯುತ್ತಲೇ ಇದ್ದವು. ಆ ಕಾಗದ ಇನ್ನೂ ನನ್ನ ಹಳೇ ನೋಟ್‌ಬುಕ್‌ನಲ್ಲಿದೆ, ನೀಲಿ ಸ್ವಲ್ಪ ಮಾಸಿದೆ.

1990ರಲ್ಲಿ ಫ್ರೆಡ್ ಚಾಂಗ್ ಮತ್ತು ಐರಾ ಹರ್ಸ್‌ಕೊವಿಟ್ಜ್ ಫಾರ್1 ಜೀನನ್ನು ಗುರುತಿಸಿದ್ದು ಈ ವ್ಯತ್ಯಾಸವನ್ನೇ ಹಿಡಿದು. ಆಮೇಲೆ ಗೊತ್ತಾದ ಪ್ರಕಾರ, ಸಿಗ್ನಲ್ ಬಂದಾಗ ಫಸ್3 ಅನ್ನೋ ಕೈನೇಸ್ ಫಾರ್1ಗೆ ಫಾಸ್ಫೇಟ್ ಅಂಟಿಸುತ್ತದೆ, ಫಾರ್1 ಹೋಗಿ ಸಿಡಿಸಿ28 ಮತ್ತು ಅದನ್ನು ಚಾಲೂ ಮಾಡುವ ಜೊತೆಗಾರ ಪ್ರೋಟೀನ್ ಸೈಕ್ಲಿನ್ ಮೇಲೆ ಕೂತು ತಡೆಯುತ್ತದೆ. ಕೇಳುವುದು ಮತ್ತು ನಿಲ್ಲುವುದು ಬೇರೆ ಬೇರೆ ಕೆಲಸ. ನಡುವಿನ ಕೊಂಡಿ ಫಾರ್1. ಇದೇ ಪ್ರೋಟೀನಿಗೆ ಇನ್ನೊಂದು ಕೆಲಸವೂ ಇದೆ, ಯಾವ ದಿಕ್ಕಿಗೆ ಮೂತಿ ಚಾಚಬೇಕು ಅಂತ ತೋರಿಸುವುದು. ಫಾರ್1ರ ಒಂದು ಭಾಗ ಮಾತ್ರ ಕೆಟ್ಟ ಮ್ಯುಟೆಂಟ್‌ಗಳಿವೆ. ಅವು ಸರಿಯಾಗಿ ನಿಲ್ಲುತ್ತವೆ, ಮೂತಿಯನ್ನೂ ಚಾಚುತ್ತವೆ, ಆದರೆ ಜೊತೆಗಾರ ಇರುವ ಕಡೆಗಲ್ಲ.

ಸೈಕ್ಲಿನ್ ಹೆಸರು ಬಂದಿದ್ದಕ್ಕೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1980ರಲ್ಲಿ ಒಂದು ಗುಂಪು ಗಾತ್ರದಲ್ಲಿ ತೀರಾ ಚಿಕ್ಕ ಯೀಸ್ಟ್ ಹುಡುಕಿ ಅದಕ್ಕೆ ವಿ1 ಅಂತ ಹೆಸರಿಟ್ಟಿತು. ಕೆಲವು ವರ್ಷದ ಮೇಲೆ ಬೇರೆ ಕಡೆ ಆಲ್ಫಾ ಫ್ಯಾಕ್ಟರ್‌ಗೆ ಜಗ್ಗದ ಯೀಸ್ಟ್ ಸಿಕ್ಕಿತು, ಅದಕ್ಕೆ ಡಾಫ್1 ಅಂತ ಹೆಸರಿಟ್ಟರು. 1988ರಲ್ಲಿ ನೋಡಿದರೆ ಎರಡೂ ಒಂದೇ ಜೀನ್. ಈಗ ಅದನ್ನು ಸಿಎಲ್‌ಎನ್3 ಅನ್ನುತ್ತೇವೆ, ಅದು ಮಾಡುವುದು ಒಂದು ಸೈಕ್ಲಿನ್. ಮ್ಯುಟೇಶನ್‌ನಿಂದ ಆ ಸೈಕ್ಲಿನ್‌ನ ಬಾಲ ತುಂಡಾಗಿತ್ತು. ಬಾಲ ಇದ್ದರೆ ಪ್ರೋಟೀನ್ ಬೇಗ ನಾಶವಾಗುತ್ತದೆ, ಬಾಲ ಹೋದರೆ ಹೆಚ್ಚು ಹೊತ್ತು ಉಳಿಯುತ್ತದೆ. ಅದಕ್ಕೆ ಕೋಶ ದೊಡ್ಡದಾಗುವ ತನಕ ಕಾಯದೆ ಸ್ಟಾರ್ಟ್ ದಾಟುತ್ತದೆ, ಫೆರೊಮೋನ್ ಬಂದರೂ ದಾಟುತ್ತದೆ. ಜೀನ್ ಕೆಟ್ಟರೆ ಕೆಲಸ ಕಡಿಮೆಯಾಗುತ್ತದೆ ಅಂತಲೇ ಅಲ್ಲ. ಹೀಗೂ ಆಗುತ್ತದೆ.

ಸರಿ, ನನ್ನ ಖಾಲಿ ಜಾಗಗಳಿಗೆ ವಾಪಸ್ ಬರುತ್ತೇನೆ.

ಜಿಪಿಎ1 ಒಂದು ಜಿ ಪ್ರೋಟೀನಿನ ಆಲ್ಫಾ ತುಂಡು ಮಾಡುತ್ತದೆ. 1987ರಲ್ಲಿ ಎರಡು ಗುಂಪುಗಳು ಬೇರೆ ಬೇರೆಯಾಗಿ ಇದನ್ನು ವರದಿ ಮಾಡಿದವು. ಜಿ ಪ್ರೋಟೀನ್ ಅಂದರೆ ರಿಸೆಪ್ಟರ್‌ನಿಂದ ಸುದ್ದಿಯನ್ನು ಒಳಗೆ ದಾಟಿಸುವಂಥದ್ದು, ಅದಕ್ಕೆ ಮೂರು ತುಂಡು: ಆಲ್ಫಾ, ಬೀಟಾ, ಗಾಮಾ. ಈ ಆಲ್ಫಾಗೂ ಆಲ್ಫಾ ಕೋಶಕ್ಕೂ ಸಂಬಂಧ ಇಲ್ಲ. ಅಡ್ರಿನಲಿನ್ ಸಿಗ್ನಲ್‌ನಂಥ ಕಡೆ ಸುದ್ದಿ ಒಯ್ಯುವುದು ಆಲ್ಫಾ ತುಂಡು. ಯೀಸ್ಟ್‌ನಲ್ಲೂ ಹಾಗೇ ಇದ್ದಿದ್ದರೆ ಅದನ್ನು ತೆಗೆದಾಗ ಕೋಶ ಕಿವುಡಾಗಬೇಕಿತ್ತು, ಸ್ಟೆರೈಲ್ ಆಗಬೇಕಿತ್ತು. ಆಗಿದ್ದು ಪೂರ್ತಿ ಉಲ್ಟಾ. ತೆಗೆದರೆ ಸಿಗ್ನಲ್ ನಿಲ್ಲುವುದೇ ಇಲ್ಲ. ಅಂದರೆ ಯೀಸ್ಟ್‌ನಲ್ಲಿ ಆಲ್ಫಾ ತುಂಡು ಸುದ್ದಿ ಒಯ್ಯುವವನಲ್ಲ, ಹಿಡಿದಿಟ್ಟುಕೊಂಡವನು. ಬೀಟಾ ಮತ್ತು ಗಾಮಾ, ಅಂದರೆ ಸ್ಟೆ4 ಮತ್ತು ಸ್ಟೆ18, ಇವೆರಡನ್ನೂ ಅದು ಅಪ್ಪಿಕೊಂಡು ಕೂತಿರುತ್ತದೆ. ರಿಸೆಪ್ಟರ್‌ಗೆ ಫೆರೊಮೋನ್ ಬಂದು ತಗುಲಿದಾಗ ಹಿಡಿತ ಬಿಡುತ್ತದೆ. ಬಿಟ್ಟ ಮೇಲೆ ಓಡಿ ಸುದ್ದಿ ಮುಟ್ಟಿಸುವುದು ಆ ಜೋಡಿ. ಅಲ್ಲಿಂದ ಸ್ಟೆ5, ಸ್ಟೆ11, ಸ್ಟೆ7, ಫಸ್3 ಅಂತ ಕೈಯಿಂದ ಕೈಗೆ ದಾಟಿ ಕೊನೆಗೆ ಜೀನ್‌ಗಳನ್ನು ಎಬ್ಬಿಸುವ ಸ್ಟೆ12 ಮತ್ತು ಕೋಶವನ್ನು ನಿಲ್ಲಿಸುವ ಫಾರ್1 ತನಕ.

ಇದನ್ನು ನನ್ನ ಕೈಯಾರೆ ನೋಡಬೇಕು ಅನ್ನಿಸಿತು. ಜಿಪಿಎ1ನ್ನು ಗ್ಯಾಲಕ್ಟೋಸ್ ಇದ್ದಾಗ ಮಾತ್ರ ಓಡುವ ಹಾಗೆ ಮಾಡಿದ ಹ್ಯಾಪ್ಲಾಯ್ಡ್ ತಳಿ ಒಂದಿತ್ತು. ಗ್ಯಾಲಕ್ಟೋಸ್‌ನಲ್ಲಿ ಬೆಳೆಸಿ, ಕೆಲವು ಕೋಟಿ ಕೋಶಗಳನ್ನು ಗ್ಲೂಕೋಸ್ ಪ್ಲೇಟಿಗೆ ಹರಡಿದೆ. ಗ್ಲೂಕೋಸ್‌ನಲ್ಲಿ ಜೀನ್ ಬಂದ್, ಎಲ್ಲ ಕೋಶಗಳೂ ನಿಲ್ಲಬೇಕು. ನಿಂತವು. ನಾಲ್ಕನೇ ದಿನ ಅಲ್ಲೊಂದು ಇಲ್ಲೊಂದು ಕಾಲೊನಿ ಎದ್ದಿತು. ಕಂಟಾಮಿನೇಶನ್ ಅಂತ ಎಸೆಯಲು ಹೊರಟಿದ್ದೆ. ಮೇಡಂ ಕೈ ಹಿಡಿದು ನಿಲ್ಲಿಸಿದರು. "ಕೂಡುತ್ತವಾ ಅಂತ ನೋಡು ಮೊದಲು." ನೋಡಿದೆ. ಒಂದೂ ಕೂಡಲಿಲ್ಲ. ಕೋಟಿಗಟ್ಟಲೆ ಕೋಶಗಳಲ್ಲಿ ಯಾವುದೋ ಕೆಲವಕ್ಕೆ ತಾನಾಗಿ ಇನ್ನೊಂದು ಮ್ಯುಟೇಶನ್ ಆಗಿ, ಸಿಗ್ನಲ್ ದಾರಿಯ ಯಾವುದೋ ಕೊಂಡಿ ಕಳಚಿತ್ತು. ಕೊಂಡಿ ಕಳಚಿದ್ದಕ್ಕೇ ಅವು ಬದುಕಿದ್ದವು.

ಯಾವುದೋ ಒಂದು ಕೊಂಡಿ ಕಳಚಿದರೆ ಸಾಕು ಅಂತಲ್ಲ ಅನ್ನುವುದು ಇಲ್ಲಿ ಮುಖ್ಯ. ಸ್ಟೆ4, ಸ್ಟೆ5, ಸ್ಟೆ7, ಸ್ಟೆ11, ಸ್ಟೆ18, ಇವುಗಳಲ್ಲಿ ಒಂದು ಕೆಟ್ಟರೆ ಜಿಪಿಎ1 ಇಲ್ಲದ ಕೋಶ ಬದುಕುತ್ತದೆ. ರಿಸೆಪ್ಟರ್ ಸ್ಟೆ2 ಕೆಟ್ಟರೆ ಬದುಕುವುದಿಲ್ಲ. ಯಾಕೆಂದರೆ ರಿಸೆಪ್ಟರ್ ಇರುವುದು ಹಿಡಿತಕ್ಕಿಂತ ಮೇಲೆ. ಕೆಳಗೆ ಅಣೆಕಟ್ಟೆ ಒಡೆದು ನೀರು ನುಗ್ಗಿ ಆಗಿದೆ, ಮೇಲಿನ ಹೊಳೆಗೆ ಅಡ್ಡ ಕಟ್ಟಿದರೆ ಏನು ಬಂತು? ಒಂದೊಂದೇ ಜೋಡಿ ಮ್ಯುಟೇಶನ್ ಮಾಡುತ್ತಾ ಹೋದರೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಸಾಲು ಹೊಂದಿಸಬಹುದು. ಪ್ರೋಟೀನುಗಳನ್ನು ಕಣ್ಣಿಂದ ನೋಡದೆ, ಬದುಕಿತಾ ಸತ್ತಿತಾ, ಕೂಡಿತಾ ಇಲ್ಲವಾ ಅಂತ ಎಣಿಸಿಯೇ ಇಷ್ಟೆಲ್ಲ ಹೇಳಬಹುದು ಅನ್ನುವುದು ನನಗೆ ಇವತ್ತಿಗೂ ದೊಡ್ಡ ಸಂತೋಷ.

ಕೊನೆಯದಾಗಿ ಇನ್ನೊಂದು ಟೆಟ್ರಾಡ್ ಪ್ಲೇಟ್ ಮಾಡಿದೆ. ಈ ಸಲದ ಡಿಪ್ಲಾಯ್ಡ್‌ನಲ್ಲಿ ಜಿಪಿಎ1ರ ಎರಡು ಪ್ರತಿಗಳಲ್ಲಿ ಒಂದನ್ನು ತೆಗೆದಿತ್ತು, ಸ್ಟೆ4ರ ಎರಡರಲ್ಲೂ ಒಂದನ್ನು ತೆಗೆದಿತ್ತು. ಜಿಪಿಎ1 ತೆಗೆದ ಜಾಗದಲ್ಲಿ ಜಿ418 ಔಷಧಿ ತಡೆದುಕೊಳ್ಳುವ ಜೀನ್, ಸ್ಟೆ4 ತೆಗೆದ ಜಾಗದಲ್ಲಿ ನೌರ್ಸಿಯೋಥ್ರಿಸಿನ್ ತಡೆದುಕೊಳ್ಳುವ ಜೀನ್. ಮೂರು ದಿನ 30 ಡಿಗ್ರಿಯಲ್ಲಿಟ್ಟು ತೆಗೆದೆ. ಕೆಲವು ಸಾಲಿನಲ್ಲಿ ನಾಲ್ಕೂ ಬೆಳೆದಿದ್ದವು, ಕೆಲವದರಲ್ಲಿ ಎರಡೇ, ಹೆಚ್ಚಿನ ಸಾಲಿನಲ್ಲಿ ಮೂರು. ಎರಡು ಜೀನ್‌ಗಳೂ ಬೇರೆ ಬೇರೆ ಕ್ರೋಮೊಸೋಮ್‌ನಲ್ಲಿರುವುದರಿಂದ ಹೀಗೇ ಬರಬೇಕು. ಮಖಮಲ್ ಬಟ್ಟೆಯ ಮೇಲೆ ಪ್ಲೇಟ್ ಒತ್ತಿ, ಆ ಬಟ್ಟೆಯ ಅಚ್ಚನ್ನು ಎರಡೂ ಔಷಧಿ ಪ್ಲೇಟುಗಳಿಗೆ ಹಾಕಿದೆ. ಮರುದಿನ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಕೂತೆ. ಎರಡೂ ಔಷಧಿ ತಡೆದುಕೊಂಡವು ಇದ್ದವು. ನೌರ್ಸಿಯೋಥ್ರಿಸಿನ್ ಮಾತ್ರ ತಡೆದುಕೊಂಡವು ಇದ್ದವು. ಯಾವುದನ್ನೂ ತಡೆಯದವು ಇದ್ದವು. ಜಿ418 ಮಾತ್ರ ತಡೆದುಕೊಂಡ ಕಾಲೊನಿ ಇಡೀ ಪ್ಲೇಟಿನಲ್ಲಿ ಒಂದೂ ಇರಲಿಲ್ಲ.

ಎರಡೂ ಜೀನ್ ಇಲ್ಲದ ಒಂದು ಎ ಕಾಲೊನಿಯಿಂದ ಸ್ವಲ್ಪ ತೆಗೆದು ಬೆಳೆಸಿದೆ. ಆಲ್ಫಾ ಫ್ಯಾಕ್ಟರ್ ಹಾಕಿ ಮೂರು ಗಂಟೆ ಬಿಟ್ಟು ಸ್ಲೈಡ್ ನೋಡಿದೆ. ದುಂಡನೆಯ ಕೋಶಗಳು. ಚಿಕ್ಕ ಮೊಗ್ಗು, ದೊಡ್ಡ ಮೊಗ್ಗು, ಮೊಗ್ಗಿಲ್ಲದವು, ಎಲ್ಲ ಕಲಸಿಕೊಂಡಿದ್ದವು. ಇನ್ನೂರು ಎಣಿಸಿದೆ. ಮೂತಿ ಚಾಚಿದ್ದು ಒಂದೂ ಸಿಗಲಿಲ್ಲ.